ಯಾರ ಎದೆಯಿಂದ ಬಂತು

ಸೋಮು ರಕ್ತ ಕೆಮ್ಮಿದ ದಿನವೇ ರೂಪಾಲಿಗೆ ಮೊದಲ ಏಟು ಬಿತ್ತು.

ವಾಗದರಿಯ ಆ ಮನೆಯ ಮುಂದೆ ಬೆಳಿಗ್ಗೆಯಿಂದ ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ಸೋಮು ಅವಳ ಮೈದುನ, ಗಂಡ ಧೂಳಪ್ಪನ ತಮ್ಮ. ಒಂದು ಟಗರನ್ನು ಮೊಣಕಾಲ ಕೆಳಗೆ ಅದುಮಿ ಹಿಡಿದಿದ್ದ. ಟಗರು ಒದ್ದಾಡಿತು, ಇವನು ಇನ್ನಷ್ಟು ಅದುಮಿದ, ಕೆಮ್ಮು ಬಂತು. ಮಳೆಗಾಲ ಮುಗಿದಾಗಿನಿಂದ ಬರುತ್ತಿದ್ದ ಕೆಮ್ಮೇ ಅದು, ಆದರೆ ಈ ಸಲ ನಿಲ್ಲಲಿಲ್ಲ. ಕರಿ ಉಣ್ಣೆಯ ಮೇಲೆ ಬಿದ್ದ ರಕ್ತ ಮೊದಲು ಯಾರಿಗೂ ಕಾಣಲಿಲ್ಲ. ಅವನ ಬಿಳಿ ಬನಿಯನ್ನಿನ ಮೇಲೆ ಇಳಿದಾಗ ಕಂಡಿತು. ಟಗರು ಕೊಸರಿಕೊಂಡು ಅರ್ಧ ಕತ್ತರಿಸಿದ ಮೈಯಲ್ಲೇ ಓಡಿಹೋಯಿತು.

ತಾಯಿ ಬೀರವ್ವ ಓಡಿಬಂದು ಮಗನ ಬಾಯಿಯನ್ನು ಸೆರಗಿನಿಂದ ಒರೆಸಿದಳು. ಒರೆಸಿದ ಸೆರಗನ್ನು ಒಮ್ಮೆ ನೋಡಿದಳು. ಆಮೇಲೆ ಎದ್ದು ನೇರವಾಗಿ ಒಲೆಯ ಕಡೆ ನಡೆದಳು. ಅಲ್ಲಿ ರೂಪಾಲಿ ರೊಟ್ಟಿ ಬಡಿಯುತ್ತಿದ್ದಳು. ಬೀರವ್ವ ಒಲೆಯ ಪಕ್ಕದಲ್ಲಿದ್ದ ಕಬ್ಬಿಣದ ಇಕ್ಕಳ ಎತ್ತಿ ಸೊಸೆಯ ಎಡಗಿವಿಯ ಮೇಲೆ ಹೊಡೆದಳು.

"ನಿನ್ನ ಎದಿಯಾಗಿನ ಹುಳಾ ತಂದು ನನ್ನ ಮಗನ ಎದಿಯಾಗ ಹಾಕಿದೆಲ್ಲ" ಎಂದಳು.

ಏಟಿಗಿಂತ ಆ ಮಾತು ರೂಪಾಲಿಯನ್ನು ಹೆಚ್ಚು ನಡುಗಿಸಿತು. ಗುಟ್ಟು ಹೊರಬಿದ್ದಿದೆ ಎಂದು ತಿಳಿಯಿತು. ಹಿಂದಿನ ವಾರ ಅಕ್ಕಲಕೋಟೆಯಲ್ಲಿ ಒಂದು ತೊಟ್ಟಿಲು ಕಾರ್ಯಕ್ಕೆ ಹೋದಾಗ ಅವಳ ಚಿಕ್ಕಮ್ಮ ಬೀರವ್ವನ ಜೊತೆ ಹರಟುತ್ತ, ನಮ್ಮ ಹುಡುಗಿ ಸಣ್ಣಾಕಿದ್ದಾಗ ಟಿಬಿ ಆಗಿ ಸಾಯುವಂತಾಗಿದ್ದಳು, ಈಗ ನೋಡಿದರೆ ಹೆಂಗ ತುಂಬಿಕೊಂಡಾಳ ಎಂದು ಮೆಚ್ಚಿಕೆಯಿಂದಲೇ ಹೇಳಿಬಿಟ್ಟಿದ್ದಳು. ಬೀರವ್ವ ಅದನ್ನು ಅಂದಿನಿಂದ ನುಂಗಿಕೊಂಡಿದ್ದಳು. ಮಗನ ರಕ್ತ ಕಂಡಾಗ ಅದು ಹೊರಗೆ ಬಂತು.

ರೂಪಾಲಿ ಬೆಳೆದದ್ದು ಸೊಲ್ಲಾಪುರದಲ್ಲಿ, ವಿಜಾಪುರ ರಸ್ತೆಯ ಹಿಂದಿನ ತಗಡಿನ ಮನೆಗಳ ಸಾಲಿನಲ್ಲಿ. ತಾಯಿ ಗುರುಬಾಯಿ ಬೀಡಿ ಕಟ್ಟಿ ಸಾಕಿದವಳು. ಹದಿನೈದನೆಯ ವಯಸ್ಸಿನಲ್ಲಿ ಹುಡುಗಿ ಕೆಮ್ಮಿ ಕೆಮ್ಮಿ ಎಲುಬಾದಳು. ಸರಕಾರಿ ದವಾಖಾನೆಯವರು ಆರು ತಿಂಗಳು ಗುಳಿಗೆ ನುಂಗಿಸಿದರು. ವಾಂತಿಯಾದರೂ ಬಿಡದೆ ನುಂಗಿದಳು. ಕೊನೆಗೆ ಪೂರ್ತಿ ವಾಸಿಯಾಗಿದೆ, ಇನ್ನು ನಿನ್ನಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಗುರುಬಾಯಿ ಮಾತ್ರ ಮಗಳಿಂದ ಆಣೆ ಹಾಕಿಸಿಕೊಂಡಳು, ಇದನ್ನು ಯಾರ ಮುಂದೆಯೂ ಆಡಬಾರದು, ಆಡಿದರೆ ಯಾರೂ ನಿನ್ನನ್ನು ಮಾಡಿಕೊಳ್ಳುವುದಿಲ್ಲ ಎಂದು.

ಆಣೆ ಮುರಿದು ರೂಪಾಲಿ ಒಬ್ಬನಿಗೆ ಹೇಳಿದ್ದಳು, ಗಂಡನಿಗೆ. ಮದುವೆಯಾದ ಮೊದಲ ಬೇಸಿಗೆಯಲ್ಲಿ, ಕುರಿ ಕಾಯುತ್ತ ಬೇವಿನ ನೆರಳಲ್ಲಿ ಕೂತಾಗ. ಧೂಳಪ್ಪ ನಕ್ಕಿದ್ದ. ಆಗಿದ್ದು ಆಗಿ ಹೋತು, ಈಗ ನೀ ನನಗಿಂತ ಗಟ್ಟಿ ಇದ್ದೀ ಎಂದಿದ್ದ. ಆ ಒಂದು ಮಾತಿಗಾಗಿ ಅವಳು ಅವನ ಮನೆಯಲ್ಲಿ ಏನೆಲ್ಲವನ್ನೂ ಸಹಿಸಿದ್ದಳು.

ಈಗ ಅಂಗಳದಲ್ಲಿ ಜನ ಕೂಡಿದ್ದರು. ಕಟ್ಟೆಯ ಮೇಲೆ ಕಾಮಣ್ಣ ಕೂತಿದ್ದ. ಧೂಳಪ್ಪನ ತಂದೆ ಸತ್ತ ಮೇಲೆ ಮನೆಗೆ ಅವನೇ ಹಿರಿಯ. ಧೂಳಪ್ಪನಿಗೆ ದೊಡ್ಡಪ್ಪ, ಊರಿಗೆಲ್ಲ ಮುತ್ಯಾ. ಬೀರೋಬಾನ ಗುಡಿಯಲ್ಲಿ ಡೊಳ್ಳಿನ ಹಾಡಿಗೆ ಅವನೇ ಮುಂದಾಳು. ಅವನ ಧ್ವನಿ ಎದ್ದರೆ ಗುಡಿಯೊಳಗೆ ಇಕ್ಕಟ್ಟಾಗಿ ಕೂತ ಜನ ಬೆವರುತ್ತ, ಅಳುತ್ತ ಕೇಳುತ್ತಿದ್ದರು. ಸೋಮು ಅವನ ಪಕ್ಕದಲ್ಲೇ ನಿಂತು ಹಿಮ್ಮೇಳ ಹಾಡುತ್ತಿದ್ದ. ಮುತ್ಯಾನ ಮಾತು ಮುರಿಯುವವರು ಊರಲ್ಲಿ ಇರಲಿಲ್ಲ.

"ಧೂಳ್ಯಾ, ನಿನಗ ಇದು ಗೊತ್ತಿತ್ತೇನು?" ಎಂದು ಅವನು ಕೇಳಿದ.

ರೂಪಾಲಿ ಕಿವಿ ಒತ್ತಿಹಿಡಿದು ಗಂಡನ ಮುಖ ನೋಡಿದಳು. ಬೆರಳ ಸಂದಿನಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು.

"ಇಲ್ಲ ದೊಡ್ಡಪ್ಪ. ನನಗ ಮೋಸ ಮಾಡ್ಯಾರ" ಎಂದ ಧೂಳಪ್ಪ.

ಆ ಸುಳ್ಳಿಗೆ ಸಾಕ್ಷಿ ಬೇಕಿತ್ತು. ಅದಕ್ಕಾಗಿ ಅವನು ಅವಳನ್ನು ಹೊಡೆದ. ತುರುಬು ಹಿಡಿದು ಒಲೆಯಿಂದ ಅಂಗಳಕ್ಕೆ ಎಳೆದು, ಜನ ನೋಡುವಂತೆ, ಕುರಿ ಹೊಡೆಯುವ ಕೋಲಿನಿಂದ ಬೆನ್ನು, ತೊಡೆ, ತೋಳು ಎನ್ನದೆ ಹೊಡೆದ. ಅವಳು ಒಂದು ಸಲ ಮಾತ್ರ, ನಿಮಗ ಹೇಳಿದ್ದೆನಲ್ಲ ಎಂದಳು. ಆ ಮಾತಿಗೆ ಅವನು ಬಾಯಿಯ ಮೇಲೆ ಒದ್ದ. ಮುಂದಿನ ಹಲ್ಲು ಮುರಿಯಿತು. ನಾಲ್ಕು ವರ್ಷದ ಮಗಳು ಸೋನಾಲಿ ಬಾಗಿಲ ಬಳಿ ನಿಂತು ಕಿರುಚುತ್ತಿತ್ತು.

ಸಾಕು, ಸತ್ತಾಳು ಎಂದು ಕೊನೆಗೆ ಕಾಮಣ್ಣನೇ ತಡೆದ. ಇವಳ ತಾಯಿಗೆ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗಲಿ, ಅಲ್ಲಿಯವರೆಗೆ ಕುರಿದಡ್ಡಿಯಲ್ಲಿರಲಿ, ಕೂಸು ಅವಳ ಹತ್ತಿರ ಸುಳಿಯಬಾರದು ಎಂದು ತೀರ್ಪು ಕೊಟ್ಟ. ಅಳುವ ಸೋನಾಲಿಯನ್ನು ಎತ್ತಿ ತನ್ನ ಕಂಬಳಿಯೊಳಗೆ ಸುತ್ತಿಕೊಂಡ. ಅವನು ಕ್ರೂರಿಯಾಗಿರಲಿಲ್ಲ. ಮಗುವನ್ನು ಕಾಪಾಡುತ್ತಿದ್ದೇನೆ ಎಂದೇ ನಂಬಿದ್ದ.

ದಡ್ಡಿ ಎಂದರೆ ಮನೆಯ ಹಿಂಬದಿಗೆ ಮರಿಗಳನ್ನು ಕೂಡುವ ತಗಡಿನ ಕೋಣೆ. ಹೊರಗಿನಿಂದ ಸರಪಳಿ ಹಾಕಿದರು. ದಿನಕ್ಕೊಮ್ಮೆ ಬೀರವ್ವ ಬಂದು ಎಲೆಯ ಮೇಲೆ ರೊಟ್ಟಿ ಇಟ್ಟು ಕೋಲಿನಿಂದ ಒಳಗೆ ತಳ್ಳುತ್ತಿದ್ದಳು. ಗುರುಬಾಯಿಗೆ ಯಾರೂ ಫೋನ್ ಮಾಡಲಿಲ್ಲ. ಸೋಮುವನ್ನು ಅಕ್ಕಲಕೋಟೆಯ ದವಾಖಾನೆಗೆ ಒಯ್ದು ಸೇರಿಸಿದರೆಂದು ರೂಪಾಲಿಗೆ ಗೋಡೆಯಾಚೆಯ ಮಾತಿನಿಂದ ತಿಳಿಯಿತು.

ಎಡಗಿವಿ ಕೇಳಿಸುತ್ತಿರಲಿಲ್ಲ. ಹಿಕ್ಕೆಯ ವಾಸನೆಯಲ್ಲಿ ಬಲಮಗ್ಗುಲಾಗಿ ಮಲಗಿದರೆ ಲೋಕವೇ ಮುಚ್ಚಿದಂತಾಗುತ್ತಿತ್ತು. ಒಂದು ಮಧ್ಯಾಹ್ನ ಎಡಕ್ಕೆ ಹೊರಳಿದಾಗ ಮನೆಯೊಳಗಿನಿಂದ ಕೆಮ್ಮು ಕೇಳಿತು. ಸೋಮು ಮನೆಯಲ್ಲಿಲ್ಲ. ಆದರೂ ಕೆಮ್ಮು ಇತ್ತು. ಆಳದಿಂದ ಎದ್ದು, ಗುರಗುಟ್ಟಿ, ಉಗುಳಿನಲ್ಲಿ ಮುಗಿಯುವ ಕೆಮ್ಮು. ಸೋನಾಲಿ ಹುಟ್ಟಿದಾಗಿನಿಂದ ಅವಳು ಅದನ್ನು ಕೇಳುತ್ತ ಬಂದಿದ್ದಳು, ಬೀಸುವ ಕಲ್ಲಿನ ಸದ್ದಿನಂತೆ ಅದೂ ಮನೆಯ ಸದ್ದಾಗಿತ್ತು. ಹಾಡುವವರ ಗಂಟಲು ಹಾಗೇ, ತಂಬಾಕು ಬೇರೆ ಎಂದು ಎಲ್ಲರೂ ಹೇಳುತ್ತಿದ್ದರು. ಅವಳೂ ನಂಬಿದ್ದಳು.

ಸೊಲ್ಲಾಪುರದ ದವಾಖಾನೆಯಲ್ಲಿ ಅವರು ಹೇಳಿಕೊಟ್ಟದ್ದೆಲ್ಲ ಅವಳಿಗೆ ನೆನಪಿಗೆ ಬಂತು. ಇದು ತಟ್ಟೆಯಿಂದ ಬರುವುದಿಲ್ಲ, ಮುಟ್ಟಿದರೆ ಬರುವುದಿಲ್ಲ, ವಾಸಿಯಾದವರಿಂದ ಬರುವುದಿಲ್ಲ. ಔಷಧ ಮುಟ್ಟದ ರೋಗಿ ಕೆಮ್ಮಿದಾಗ, ಕೂಗಿದಾಗ, ಹಾಡಿದಾಗ ಗಾಳಿಗೆ ಬರುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಆ ಗಾಳಿ ನಿಂತಿರುತ್ತದೆ. ಅವಳ ಕಣ್ಣಿಗೆ ಗುಡಿಯ ಗಿಡ್ಡ ಬಾಗಿಲು ಬಂತು, ಒಳಗಿನ ಹೊಗೆ ಬಂತು, ಪಕ್ಕದಲ್ಲಿ ಬಾಯಿ ತೆರೆದು ಹಾಡುವ ಸೋಮು ಬಂದ. ಆಮೇಲೆ ಕಂಬಳಿಯೊಳಗಿನ ಸೋನಾಲಿ.

ಅವಳು ಎದ್ದು ತಗಡನ್ನು ಗುದ್ದತೊಡಗಿದಳು. ಬೀರವ್ವ ಬಂದಾಗ, ಅತ್ತೀ, ನಿಮ್ಮ ಕಾಲಿಗೆ ಬೀಳುತ್ತೇನೆ, ನನ್ನನ್ನು ಇಲ್ಲೇ ಕೊಲ್ಲಿರಿ, ಕೂಸನ್ನು ಮಾತ್ರ ಮುತ್ಯಾನ ಮಗ್ಗುಲಿಂದ ತೆಗೆಯಿರಿ ಎಂದು ಬೇಡಿಕೊಂಡಳು. ಕೆಮ್ಮು ಅವರದು, ಸೋಮುಗೆ ಬಂದದ್ದೂ ಅವರಿಂದ ಎಂದಳು. ಬೀರವ್ವ ರೊಟ್ಟಿ ತಳ್ಳುವ ಕೋಲನ್ನೇ ಸಂದಿಯೊಳಗೆ ತೂರಿಸಿ ಸೊಸೆಯ ಹೊಟ್ಟೆಗೆ, ಎದೆಗೆ, ಸಿಕ್ಕಲ್ಲಿ ತಿವಿದಳು. ದೇವರ ಪದ ಹೇಳುವ ಬಾಯಿಗೆ ಹುಳ ಅನ್ನುತ್ತೀಯಾ ಎಂದು ತಿವಿದಳು. ಆ ದಿನ ರೊಟ್ಟಿ ಬರಲಿಲ್ಲ.

ನಿಖಿಲ ವಾಗದರಿಗೆ ಬಂದದ್ದು ಅದರ ಮರುದಿನ. ಸೊಲ್ಲಾಪುರದ ಹಳೆಯ ಗುಮಾಸ್ತ ಮನೆತನದ ಹುಡುಗ, ಅಕ್ಕಲಕೋಟೆಯಲ್ಲಿ ಟಿಬಿ ವಿಭಾಗದ ಮೇಲ್ವಿಚಾರಕ. ಸೋಮುವಿನ ಕಫದಲ್ಲಿ ಕ್ರಿಮಿ ಸಿಕ್ಕಿತ್ತು. ಒಬ್ಬನಲ್ಲಿ ಸಿಕ್ಕರೆ ಅವನ ಜೊತೆ ಒಂದೇ ಸೂರಿನಡಿ ಉಸಿರಾಡಿದ ಎಲ್ಲರನ್ನೂ ತಪಾಸಣೆ ಮಾಡಬೇಕು, ಅವನಿಗೆ ಯಾರು ಕೊಟ್ಟರು, ಅವನು ಯಾರಿಗೆ ಕೊಟ್ಟಿದ್ದಾನೆ ಎಂದು ಹುಡುಕಬೇಕು. ಅದು ಅವನ ಕೆಲಸ. ಮೋಟಾರ್ ಸೈಕಲ್ಲು ನಿಲ್ಲಿಸಿ, ಕಟ್ಟೆಯ ಮೇಲೆ ಕೂತು, ಮನೆಯಲ್ಲಿ ಯಾರು ಯಾರು ಇದ್ದೀರಿ ಎಂದು ಮೆತ್ತಗೆ ಕೇಳಿದ. ಹೇಳಿದ ಹೆಸರುಗಳಲ್ಲಿ ಸೊಸೆಯ ಹೆಸರಿರಲಿಲ್ಲ. ಸೋಮು ಮಾತ್ರ ದವಾಖಾನೆಯಲ್ಲಿ ತನಗೆ ವೈನಿ, ಅಣ್ಣನ ಹೆಂಡತಿ, ಇದ್ದಾಳೆ ಎಂದು ಹೇಳಿದ್ದ.

"ಸೊಸಿ ಎಲ್ಲಿ ಅದಾರ್ರಿ?" ಎಂದು ನಿಖಿಲ ಕೇಳಿದ.

ತವರಿಗೆ ಹೋಗ್ಯಾಳ ಎಂದಳು ಬೀರವ್ವ. ಅಷ್ಟರಲ್ಲಿ ಹಿತ್ತಲಿನಿಂದ ತಗಡು ಬಡಿಯುವ ಸದ್ದು ಬಂತು. ನಿಖಿಲ ಎದ್ದು ಆ ಕಡೆ ನಡೆದ. ಸರಪಳಿಗೆ ಕೈ ಹಾಕಿದ.

ಧೂಳಪ್ಪನ ಮೊದಲ ಹೊಡೆತ ಹಿಂದಿನಿಂದ ಬಿತ್ತು. ನಿಖಿಲ ತಗಡಿಗೆ ಮುಖ ಬಡಿದು ಮೂಗು ಒಡೆಯಿತು. ಓಣಿಯ ಗಂಡಸರು ಆಗಲೇ ಕೂಡಿದ್ದರು. ದವಾಖಾನೆಯವನು ಬಂದರೆ ಊರಿನ ಹೆಸರು ಕೆಡುತ್ತದೆ, ಈ ಊರಿನ ಹಾಲು ಯಾರೂ ಕೊಳ್ಳುವುದಿಲ್ಲ, ಈ ಊರಿಗೆ ಹೆಣ್ಣು ಕೊಡುವುದಿಲ್ಲ ಎಂಬ ಮಾತು ಮುಂಜಾನೆಯಿಂದ ಬಾಯಿಂದ ಬಾಯಿಗೆ ಹೋಗಿ ಬೆಂಕಿಯಾಗಿತ್ತು. ಒಬ್ಬ ಒದ್ದ, ಇನ್ನೊಬ್ಬ ಚಪ್ಪಲಿಯಿಂದ ಹೊಡೆದ. ಕೆಲವರು ಮೋಟಾರ್ ಸೈಕಲ್ಲನ್ನು ಎಳೆದುಕೊಂಡು ಹೋಗಿ ಬಾವಿಗೆ ಕೆಡವಿದರು. ಇನ್ನೊಬ್ಬ ಮೊಬೈಲು ಎತ್ತಿ ಎಲ್ಲವನ್ನೂ ಚಿತ್ರ ತೆಗೆಯುತ್ತಿದ್ದ. ನಿಖಿಲ ಎರಡು ಕೈಯಿಂದ ತಲೆ ಮುಚ್ಚಿಕೊಂಡು ನೆಲದ ಮೇಲೆ ಮುದುಡಿದ್ದ.

"ಬಿಡ್ರೋ, ಬಿಡ್ರೋ ಅವನ್ನ" ಎಂದು ಕಾಮಣ್ಣ ಗುಡಿಯ ಧ್ವನಿಯಲ್ಲಿ ಕೂಗಿದ. ಕೂಗಿದ್ದೇ ಕೆಮ್ಮು ಹತ್ತಿತು. ಬಗ್ಗಿದ, ಗೋಡೆ ಹಿಡಿದ, ಉಗುಳಿದ. ಜನ ಅವನಿಗಾಗಿ ಸರಿದು ನಿಂತರು. ಧೂಳಿನಲ್ಲಿ ಬಿದ್ದಿದ್ದ ನಿಖಿಲ ಮುಖವೆತ್ತಿ ಆ ಉಗುಳನ್ನು ನೋಡಿದ, ಅವನ ಕೊರಳ ಎಲುಬುಗಳನ್ನು ನೋಡಿದ.

"ಮುತ್ಯಾ, ಈ ಕೆಮ್ಮ ಎಷ್ಟ್ ದಿನದಿಂದ ಅದ ರೀ?" ಎಂದು ರಕ್ತ ತುಂಬಿದ ಬಾಯಿಯಿಂದಲೇ ಕೇಳಿದ.

ಕಾಮಣ್ಣ ಅವನನ್ನೇ ನೋಡುತ್ತ ನಿಂತ. ಧೂಳಪ್ಪನಿಗೆ ಆ ಪ್ರಶ್ನೆಯ ಅರ್ಥ ಎಲ್ಲರಿಗಿಂತ ಮೊದಲು ಆಗಿರಬೇಕು. ಪಕ್ಕದಲ್ಲಿದ್ದ ಕಲ್ಲೊಂದನ್ನು ಎರಡು ಕೈಯಿಂದ ನಿಖಿಲನ ತಲೆಯ ಮೇಲೆ ಎತ್ತಿದ.

ಆ ಹೊತ್ತಿಗೆ ರೂಪಾಲಿ ತಗಡಿನ ಒಂದು ಮೂಲೆಯನ್ನು ಕಾಲಿನಿಂದ ಒದ್ದು ಒದ್ದು ಕಿತ್ತು ಹೊರಬಂದಿದ್ದಳು. ತಗಡಿನ ಅಂಚು ತೋಳನ್ನು ಸೀಳಿತ್ತು. ಕುರಿಗಳಿಗೆ ಸೊಪ್ಪು ಕಡಿಯುವ ಕೊಡಲಿ ಗೋಡೆಗೆ ಒರಗಿತ್ತು. ಎತ್ತಿಕೊಂಡಳು. ಯೋಚಿಸಲಿಲ್ಲ. ಕೊಡಲಿಯ ಹಿಂಬದಿಯಿಂದ ಗಂಡನ ಮುಂಗೈಗೆ ಹೊಡೆದಳು. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿತು, ಅವಳ ಒಂದೇ ಕಿವಿಗೂ ಕೇಳಿತು. ಕಲ್ಲು ಅವನ ಕಾಲ ಮೇಲೆಯೇ ಬಿತ್ತು.

ಕೊಡಲಿ ತಿರುಗಿಸಿ ಹರಿತದ ಕಡೆ ಮುಂದೆ ಮಾಡಿ ಅವಳು ನಿಂತಳು. ಜನ ಹಿಂದೆ ಸರಿದರು. ಸೋನಾಲೀ ಎಂದು ಕೂಗಿದಳು. ಬೀರವ್ವ ಮೊಮ್ಮಗಳನ್ನು ಒಳಗೆಳೆದು ಅಗಳಿ ಹಾಕಿದಳು. ರೂಪಾಲಿ ಬಾಗಿಲಿಗೆ ಕೊಡಲಿ ಹಾಕಿದಳು, ಮತ್ತೆ ಹಾಕಿದಳು. ಅಷ್ಟರಲ್ಲಿ ಕಲ್ಲುಗಳು ಬರತೊಡಗಿದವು. ಒಂದು ನಿಖಿಲನ ಬೆನ್ನಿಗೆ, ಒಂದು ಅವಳ ಹಣೆಗೆ. ಹೊಲದ ರಸ್ತೆಯಲ್ಲಿ ಹಾಲಿನ ಟೆಂಪೊ ಬರುತ್ತಿತ್ತು. ಇಲ್ಲಿ ಸತ್ತರೆ ಕೂಸನ್ನು ತೆಗೆಯುವವರು ಯಾರೂ ಇರುವುದಿಲ್ಲ ಎಂಬುದೊಂದೇ ಅವಳಿಗೆ ಹೊಳೆಯಿತು. ನಿಖಿಲನನ್ನು ಹೆಗಲಿಗೆ ಹಾಕಿ ಎಳೆದುಕೊಂಡು ಓಡಿದಳು. ಒಳಗಿನಿಂದ ಮಗಳು ಅಳುತ್ತಿದ್ದದ್ದು ಟೆಂಪೊ ಹತ್ತುವವರೆಗೂ ಕೇಳುತ್ತಿತ್ತು.

ಅಕ್ಕಲಕೋಟೆಯ ದವಾಖಾನೆಯಲ್ಲಿ ಅವಳ ಹಣೆ, ತೋಳು ಹೊಲಿದರು. ಎದೆಯ ಎಕ್ಸ್‌ರೇ ತೆಗೆದರು, ಕಫ ನೋಡಿದರು. ಎಕ್ಸ್‌ರೇಯಲ್ಲಿ ಹಳೆಯ ಗಾಯದ ಕಲೆ ಇತ್ತು, ಕಫದಲ್ಲಿ ಕ್ರಿಮಿ ಇರಲಿಲ್ಲ. ಕಲೆ ರೋಗವಲ್ಲ, ಇವಳಿಂದ ಯಾರಿಗೂ ಬಂದಿಲ್ಲ ಎಂದು ತಾಲೂಕಿನ ಆರೋಗ್ಯಾಧಿಕಾರಿ ಡಾಕ್ಟರ್ ಶ್ರೀಲೇಖಾ ಹೇಳಿದರು. ರೂಪಾಲಿಗೆ ಅದು ಮೊದಲೇ ಗೊತ್ತಿತ್ತು. ನನ್ನ ಮಗಳನ್ನು ತರಿಸಿ ಎಂದಷ್ಟೇ ಅಂದಳು.

ಪೊಲೀಸ್ ಫಿರ್ಯಾದಿನ ಮಾತು ಬಂದಾಗ ನಿಖಿಲ ತಡವರಿಸಿದ. ಮೂಗಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅವನು, ತನ್ನ ಕೇಸು ಬೇಡ ಎಂದ. ಪೊಲೀಸರು ಊರಿಗೆ ನುಗ್ಗಿದರೆ ಒಂದೊಂದು ಬಾಗಿಲೂ ಮುಚ್ಚುತ್ತದೆ, ಕೆಮ್ಮುವವರು ಕೆಮ್ಮನ್ನು ಅಡಗಿಸುತ್ತಾರೆ, ಮುದುಕ ತಪಾಸಣೆಗೆ ಬರುವುದಿಲ್ಲ, ಹೀಗೇ ಹರಡುತ್ತದೆ ಎಂಬುದು ಅವನ ಅಂಜಿಕೆ. ಅಕ್ಕಾರ, ಇನ್ನೊಂದೆರಡು ವಾರ ತಡೀರಿ, ಮೊದಲು ಎಲ್ಲರ ತಪಾಸಣಿ ಆಗಲಿ ಎಂದು ಕೇಳಿಕೊಂಡ.

ರೂಪಾಲಿ ಮುರಿದ ಹಲ್ಲಿನ ಬಾಯಿಯಿಂದ ನಿಧಾನವಾಗಿ ಹೇಳಿದಳು: "ರೋಗಕ್ಕ ನೀವು ಅಷ್ಟ್ ಹೆದರ್ತೀರಿ ಸರ್. ಈ ಹೊಡತಕ್ಕ ಯಾರೂ ಹೆದರಾಂಗಿಲ್ಲ. ಇದೂ ಮನಿಯಿಂದ ಮನಿಗಿ ಹಬ್ಬತೈತಿ. ನಾ ಕೇಸ್ ಬರಸ್ತೀನಿ."

ಶ್ರೀಲೇಖಾ ಅವಳ ಜೊತೆ ಠಾಣೆಗೆ ನಡೆದರು. ನಿಖಿಲನೂ ಹಿಂದೆಯೇ ಹೋದ. ಹೊಡೆಯುವುದನ್ನು ಚಿತ್ರ ತೆಗೆದವನು ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದರಿಂದ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಪೊಲೀಸ್ ಜೀಪಿನಲ್ಲಿ ಅವಳು ಮತ್ತೆ ವಾಗದರಿಗೆ ಬಂದಾಗ ಧೂಳಪ್ಪ ಕೈಗೆ ಪ್ಲಾಸ್ಟರು ಹಾಕಿಕೊಂಡು ಕೂತಿದ್ದ. ಅವನನ್ನು ಜೀಪಿಗೆ ಹತ್ತಿಸಿದರು. ಅವಳು ಒಳಗೆ ನುಗ್ಗಿದಳು. ಸೋನಾಲಿ ಕಾಮಣ್ಣನ ತೊಡೆಯ ಮೇಲೆ ಇತ್ತು. ಮೈ ಸುಡುತ್ತಿತ್ತು. ಎರಡು ದಿನದಿಂದ ತಿಂದದ್ದೆಲ್ಲ ಕಾರುತ್ತಿದೆ, ಮಾತಾಡಿಸಿದರೆ ನೋಡುವುದಿಲ್ಲ ಎಂದು ಬೀರವ್ವ ಗೋಡೆಗೆ ಮುಖ ಮಾಡಿ ಹೇಳಿದಳು. ಎತ್ತಿಕೊಂಡಾಗ ಮಗುವಿನ ಕುತ್ತಿಗೆ ಕೋಲಿನಂತೆ ಸೆಟೆದಿತ್ತು.

ಕಾಮಣ್ಣ ಎದ್ದು ನಿಂತ. "ನನ್ನಿಂದ ಆತೇನು?" ಎಂದು ನಿಖಿಲನನ್ನು ಕೇಳಿದ.

ತಪಾಸಣೆ ಆಗದೆ ಹೇಳಲಾಗುವುದಿಲ್ಲ ಎಂದ ನಿಖಿಲ. ಕಾಮಣ್ಣ ಕೈ ಚಾಚಿ ಕಫದ ಡಬ್ಬಿ ಇಸಿದುಕೊಂಡು, ಯಾರ ಒತ್ತಾಯವೂ ಇಲ್ಲದೆ, ಎಲ್ಲರ ಎದುರಿಗೇ ಕೆಮ್ಮಿ ಅದರಲ್ಲಿ ಉಗುಳಿ ಕೊಟ್ಟ.

ಸೋನಾಲಿಯನ್ನು ಸೊಲ್ಲಾಪುರದ ದೊಡ್ಡ ದವಾಖಾನೆಗೆ ಒಯ್ದರು. ರೋಗ ಮಿದುಳಿನ ಪೊರೆಗೆ ಏರಿತ್ತು. ಸಣ್ಣ ಮಕ್ಕಳಲ್ಲಿ ಅದು ಎದೆಯಲ್ಲಿ ನಿಲ್ಲದೆ ಹೀಗೆ ತಲೆಗೆ ನುಗ್ಗುತ್ತದೆಂದು ಡಾಕ್ಟರು ಹೇಳಿದರು. ಹೀಗೆ ಏರುವುದು ಒಂದೆರಡು ದಿನದಲ್ಲಲ್ಲ, ತಿಂಗಳುಗಟ್ಟಲೆ ಅದೇ ಗಾಳಿಯಲ್ಲಿ ಉಸಿರಾಡಿರಬೇಕು ಎಂದೂ ಹೇಳಿದರು. ಮಗು ಹಾಸಿಗೆಯ ಮೇಲೆ ಬಿಲ್ಲಿನಂತೆ ಬಾಗಿ, ಹಲ್ಲು ಕಚ್ಚಿ, ಕಣ್ಣು ಮೇಲೆ ಮಾಡಿ ಒದ್ದಾಡುತ್ತಿತ್ತು. ನಾಲ್ಕು ಜನ ಹಿಡಿದು ಬೆನ್ನುಹುರಿಯಿಂದ ನೀರು ತೆಗೆದರು. ಗುರುಬಾಯಿ ಹೊರಗೆ ನಿಂತು ಎದೆ ಎದೆ ಬಡಿದುಕೊಂಡಳು. ನಾನೇ ಬಾಯಿ ಮುಚ್ಚಿಸಿದೆ, ಇಲ್ಲದಿದ್ದರೆ ಇವಳು ಮೊದಲೇ ಮುತ್ಯಾನ ಕೆಮ್ಮಿನ ಮಾತು ಎತ್ತುತ್ತಿದ್ದಳು ಎಂದು ಅತ್ತಳು. ರೂಪಾಲಿಗೆ ತಾಯಿಯನ್ನು ಸಮಾಧಾನ ಮಾಡುವ ತ್ರಾಣ ಇರಲಿಲ್ಲ.

ಕಾಮಣ್ಣನ ಕಫದಲ್ಲಿ ಕ್ರಿಮಿ ತುಂಬಿ ತುಳುಕುತ್ತಿದ್ದವು.

ಅದನ್ನು ಊರಿಗೆ ಹೇಳಿದವನು ಅವನೇ. ಬೀರೋಬಾನ ಗುಡಿಯ ಮುಂದೆ ಜನರನ್ನು ಕರೆಸಿ, ಸೋಮುನ ಎದೆಗೆ, ಕೂಸಿನ ತಲೆಗೆ ಹೋದದ್ದು ನನ್ನ ಎದೆಯಿಂದ, ಸೊಸೆಯ ತಪ್ಪಿಲ್ಲ, ನನ್ನ ಪಕ್ಕದಲ್ಲಿ ಕೂತು ಹಾಡಿದವರೆಲ್ಲ ಹೋಗಿ ತೋರಿಸಿಕೊಳ್ಳಿ ಎಂದ. ನಾಳೆಯಿಂದ ಔಷಧ ಶುರು ಮಾಡುತ್ತೇನೆ ಎಂದೂ ಹೇಳಿದ. ಮಾತು ಮುಗಿಯುವಷ್ಟರಲ್ಲಿ ಜಾಮೀನಿನ ಮೇಲೆ ಬಿಡುಗಡೆಯಾಗಿ ಬಂದಿದ್ದ ಧೂಳಪ್ಪ ಗುಂಪನ್ನು ಸೀಳಿಕೊಂಡು ಬಂದ. ಹೆಂಡತಿಯ ಮೇಲೆ ಕೈ ಮಾಡಿ, ಸೆರೆಗೆ ಹೋಗಿ, ಮಗಳು ಆಸ್ಪತ್ರೆ ಸೇರಿದ್ದನ್ನು ಕೇಳಿ ಬಂದವನಿಗೆ ಹೊಡೆಯಲು ಇನ್ನೊಬ್ಬರು ಬೇಕಿದ್ದರು. ಗುಡಿಯ ಡೊಳ್ಳಿನ ಕೋಲು ಎತ್ತಿ ಎಡಗೈಯಿಂದಲೇ ದೊಡ್ಡಪ್ಪನ ಪಕ್ಕೆಗೆ ಹೊಡೆದ. ಅವನು ಹೊಡೆದನೆಂದರೆ ಉಳಿದವರಿಗೆ ಅಡ್ಡಿ ಏನಿತ್ತು. ತಮ್ಮ ಮಕ್ಕಳನ್ನು ಹಿಮ್ಮೇಳಕ್ಕೆ ಕಳಿಸಿದವರೆಲ್ಲ ಬಿದ್ದರು. ಮುಂಡಾಸು ಕಿತ್ತು ತುಳಿದರು. ಬಾಯಿಗೆ ಮಣ್ಣು ತುರುಕಿದರು. ಊರ ಮೇರೆಯವರೆಗೆ ಕಲ್ಲು ಹೊಡೆಯುತ್ತ ಅಟ್ಟಿದರು.

ಕಾಮಣ್ಣ ಎಲ್ಲಿಗೆ ಹೋದನೆಂದು ಯಾರಿಗೂ ತಿಳಿಯಲಿಲ್ಲ.

ಸುದ್ದಿ ಕೇಳಿ ನಿಖಿಲ ದವಾಖಾನೆಯ ಗೋಡೆಗೆ ಮುಷ್ಟಿಯಿಂದ ಗುದ್ದಿದ. ಸರಿಯಾಗಿ ಔಷಧ ಹೋಗಿದ್ದರೆ ಕೆಲವೇ ವಾರದಲ್ಲಿ ಮುದುಕನಿಂದ ಯಾರಿಗೂ ಅಪಾಯವಿರುತ್ತಿರಲಿಲ್ಲ. ಈಗ ಅವನು ಎಲ್ಲೋ, ಯಾವುದೋ ಜನರ ನಡುವೆ, ಕೆಮ್ಮುತ್ತ ಕೂತಿರುತ್ತಾನೆ. ರೋಗಿಯನ್ನು ಓಡಿಸಿದರೆ ರೋಗವೂ ಅವನ ಜೊತೆ ಹೊಸ ಊರಿಗೆ ಹೋಗುತ್ತದೆ ಎಂದು ಹಲುಬಿದ.

ಗುಳಿಗೆ ನುಂಗಿ ಚೇತರಿಸಿಕೊಳ್ಳುತ್ತಿದ್ದ ಸೋಮು ಒಂದು ದಿನ ರೂಪಾಲಿಗೆ ಫೋನ್ ಮಾಡಿದ. ನನ್ನನ್ನು ಕ್ಷಮಿಸಿ ಎಂದು ಅತ್ತ. ಆಮೇಲೆ, ಮುತ್ಯಾ ಮನಸ್ಸು ಕೆಟ್ಟರೆ ಹುಲಜಂತಿಯ ಮಹಾಲಿಂಗರಾಯನ ಗುಡಿಗೆ ಹೋಗಿ ಕೂಡುವುದು ರೂಢಿ, ಅಲ್ಲಿ ನೋಡಿ ಎಂದ. ನಿಖಿಲ ಜೀಪು ತಂದ. ನಾನೂ ಬರುತ್ತೇನೆ ಎಂದಳು ರೂಪಾಲಿ. ಸೋನಾಲಿಗೆ ಆಗಷ್ಟೇ ಎಚ್ಚರ ಬಂದಿತ್ತು. ಎಡಗಾಲು, ಎಡಗೈ ಆಡುತ್ತಿರಲಿಲ್ಲ.

ಮಹಾಲಿಂಗರಾಯನ ಗುಡಿಯ ಪಕ್ಕದ ಧರ್ಮಶಾಲೆಯಲ್ಲಿ ಕಾಮಣ್ಣ ಸಿಕ್ಕ. ನಡುಮಧ್ಯಾಹ್ನ. ದೂರದಿಂದ ಬಂದ ಕುರುಬರ ಸಂಸಾರವೊಂದು ಉಂಡು ಒರಗಿತ್ತು, ಮಕ್ಕಳು ಸುತ್ತ ಆಡುತ್ತಿದ್ದವು. ಅವನು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡು ಕೂತಿದ್ದ. ಬೇರೆಯವರಿಗೆ ತಾಗಬಾರದೆಂದು ತನಗೆ ತಿಳಿದ ಹಾಗೆ ಮಾಡಿಕೊಂಡಿದ್ದ ಉಪಾಯ. ಮುಖ ಊದಿತ್ತು, ಒಂದು ಕಣ್ಣು ಮುಚ್ಚಿತ್ತು.

ರೂಪಾಲಿಯನ್ನು ಕಂಡು ಕಂಬಳಿ ತೆಗೆದ. "ಕೂಸು?" ಎಂದ.

ಅವಳು ಹೊಡೆದಳು. ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಆ ಊದಿದ ಕೆನ್ನೆಯ ಮೇಲೆ ಹೊಡೆದಳು. ಮುದುಕ ಪಕ್ಕಕ್ಕೆ ವಾಲಿ ಮತ್ತೆ ನೆಟ್ಟಗೆ ಕೂತ. ಆಟವಾಡುತ್ತಿದ್ದ ಮಕ್ಕಳು ನಿಂತು ನೋಡಿದವು. ನಿಖಿಲ ಮುಂದೆ ಬರಲಿಲ್ಲ.

"ಇನ್ನೊಂದು ಹೊಡಿ, ಮಗಳ" ಎಂದ ಕಾಮಣ್ಣ.

ಅವಳ ಕೈ ಮೇಲೆ ಹೋಗಿತ್ತು. ದಡ್ಡಿಯಲ್ಲಿ ಬಿದ್ದಾಗ, ದವಾಖಾನೆಯ ಹಾಸಿಗೆಯ ಬಳಿ ನಿಂತಾಗ, ಈ ಕ್ಷಣಕ್ಕಾಗಿ ಅವಳು ಹಲ್ಲು ಕಡಿದಿದ್ದಳು. ಈಗ ಆ ಕೈಗೆ ಏನೂ ಸಿಗಲಿಲ್ಲ. ಹೊಡೆದ ಅಂಗೈ ಮಾತ್ರ ಉರಿಯುತ್ತಿತ್ತು.

"ಹೊಡದ್ರ ನಿಮ್ಮ ಕೆಮ್ಮ ನಿಂದರತೈತೇನು? ಕೂಸು ಬದುಕೈತಿ. ಕಾಲಿಲ್ಲ, ಕೈಯಿಲ್ಲ, ಜೀವ ಐತಿ. ಏಳ್ರಿ. ಗುಳಿಗಿ ತಗೋಬೇಕು. ನಿಮ್ಮನ್ನ ಯಾರರೆ ಮುಟ್ಟಾಕ ಬಂದ್ರ ನಾ ಅದೀನಿ" ಎಂದಳು.

ಆ ಕುರುಬರ ಸಂಸಾರದ ಹೆಸರು, ಊರು ಕೇಳಿಕೊಂಡು ಅವರನ್ನೂ ತಪಾಸಣೆಗೆ ಬರಲು ಒಪ್ಪಿಸಿ ನಿಖಿಲ ಜೀಪಿಗೆ ಬಂದ. ಕಿಟಕಿಗಳನ್ನೆಲ್ಲ ತೆರೆದು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಮೂವರೂ ಅಕ್ಕಲಕೋಟೆಯವರೆಗೆ ಬಂದರು.

ಕಾಮಣ್ಣ ಗುಳಿಗೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ದವಾಖಾನೆಯ ಹಾಸಿಗೆಯಲ್ಲಿ ಒರಗಿ, ಕಳೆದ ಮೂರು ನಾಲ್ಕು ವರ್ಷಗಳಲ್ಲಿ ತಾನು ಯಾವ ಯಾವ ಊರಲ್ಲಿ, ಯಾವ ಗುಡಿಯೊಳಗೆ, ಯಾರ ಮನೆಯ ಪಡಸಾಲೆಯಲ್ಲಿ ಹಾಡಿದೆ ಎಂದು ನೆನೆನೆನೆದು ನಿಖಿಲನಿಗೆ ಹೇಳಿದ. ಹಾಡಿನ ಪದಗಳನ್ನು ನೆನಪಿಟ್ಟಷ್ಟೇ ಚೆನ್ನಾಗಿ ಅವನಿಗೆ ಅವೆಲ್ಲ ನೆನಪಿದ್ದವು. ನಿಖಿಲನ ಜನ ಪೊಲೀಸರಿಲ್ಲದೆ ಆ ಊರುಗಳಿಗೆ ಹೋದರು. ಕೆಲವು ಕಡೆ ಬೈದರು, ಒಂದು ಕಡೆ ನಾಯಿ ಬಿಟ್ಟರು. ಆದರೂ ಕೆಮ್ಮುವ ಹಲವರು ಸಿಕ್ಕರು, ಅವರಲ್ಲಿ ಒಬ್ಬ ಶಾಲೆಯ ಮಾಸ್ತರ. ಅವನ ವರ್ಗದ ಮಕ್ಕಳನ್ನೆಲ್ಲ ನೋಡಬೇಕಾಯಿತು. ರೋಗ ಇನ್ನೂ ಏಳದ ಮಕ್ಕಳಿಗೆ ಅದು ಏಳದ ಹಾಗೆ ಗುಳಿಗೆ ಕೊಟ್ಟರು. ಗುಡಿಯ ಗೋಡೆಗೆ ಕಿಟಕಿ ಒಡೆಯಬೇಕೋ ಬೇಡವೋ ಎಂದು ವಾಗದರಿಯಲ್ಲಿ ಎರಡು ಗುಂಪಾಗಿ ಕೈ ಕೈ ಮಿಲಾಯಿಸಿದರು. ಕೊನೆಗೆ ಹಾಡು ಹೊರಗಿನ ಬಯಲಿಗೆ ಬಂತು.

ಕಾಮಣ್ಣ ಬದುಕಲಿಲ್ಲ. ಎದೆ ಆಗಲೇ ಬಹಳ ಕೊರೆದುಹೋಗಿತ್ತು, ಮೇಲೆ ಮುರಿದ ಪಕ್ಕೆಲುಬು. ಬೇಸಿಗೆಯ ಒಂದು ಬೆಳಿಗ್ಗೆ ರಕ್ತ ಕೆಮ್ಮಿ, ಅದು ನಿಲ್ಲದೆ ಹೋದ. ಹೆಣ ಒಯ್ಯಲು ಮನೆಯಿಂದ ಸೋಮು ಒಬ್ಬನೇ ಬಂದ.

ಕೇಸು ಅಕ್ಕಲಕೋಟೆಯ ಕೋರ್ಟಿನಲ್ಲಿ ನಡೆಯುತ್ತಿತ್ತು. ರೂಪಾಲಿ ತಾಯಿಯ ಮನೆಯಿಂದ ತಾರೀಖಿಗೆ ತಾರೀಖಿಗೆ ಬರುತ್ತಿದ್ದಳು. ಒಂದು ತಾರೀಖಿನ ದಿನ ಕೋರ್ಟಿನ ಆವರಣದ ಬೇವಿನ ಕೆಳಗೆ ಧೂಳಪ್ಪ ಅವಳ ಹತ್ತಿರ ಬಂದ. ಕೈ ಸೊಟ್ಟಗೆ ಕೂಡಿಕೊಂಡಿತ್ತು. ಅಂಗಿ ಹೆಗಲ ಮೇಲೆ ಜೋತಾಡುತ್ತಿತ್ತು. ಕೇಸು ವಾಪಸ್ ತೆಗೆದುಕೋ, ಮನೆಗೆ ಬಾ, ಅವ್ವನೂ ಬಾ ಅನ್ನುತ್ತಾಳೆ ಎಂದ. ಎಲ್ಲರ ಮುಂದೆ ಹೇಳುತ್ತೇನೆ, ನನಗೆ ಮೊದಲೇ ಗೊತ್ತಿತ್ತು ಎಂದು ಹೇಳುತ್ತೇನೆ ಎಂದ. ಹೇಳುತ್ತಲೇ ಮುಖ ತಿರುಗಿಸಿ ಕೆಮ್ಮಿದ.

ಮನೆಯವರೆಲ್ಲ ತಪಾಸಣೆ ಮಾಡಿಸಿಕೊಂಡಾಗ ಇವನೊಬ್ಬ ಒಪ್ಪಿರಲಿಲ್ಲ.

"ಎಷ್ಟ್ ದಿನ ಆತು?" ಎಂದು ಕೇಳಿದಳು. ಎದುರಿಗೆ ನಿಂತ ಅವನನ್ನು ಅವಳು ಮೊದಲ ಸಲ ಏಕವಚನದಲ್ಲಿ ಕರೆದಳು: "ಕೇಸು ಕೋರ್ಟಿನ್ಯಾಗ ನಡೀತೈತಿ. ಅದನ್ನ ನಾ ಬಿಡಾಂಗಿಲ್ಲ, ನಿನ್ನ ಮನಿಗೂ ಬರಾಂಗಿಲ್ಲ. ಆದ್ರ ಈಗ ನೀ ನನ್ನ ಮುಂದ ನಡಿ. ದವಾಖಾನಿ ಇಲ್ಲೇ ಐತಿ."

ಅವನು ಅವಳ ಹಣೆಯ ಹೊಲಿಗೆಯ ಗುರುತನ್ನು ನೋಡಿದ. ಆಮೇಲೆ ನಡೆದ. ಅವಳು ಗಾಳಿಯ ದಿಕ್ಕು ನೋಡಿಕೊಂಡು ಸ್ವಲ್ಪ ಅಂತರ ಬಿಟ್ಟು ಹಿಂದೆ ನಡೆದಳು. ಅವನು ಒಳಗೆ ಹೋಗಿ ನಿಖಿಲನ ಎದುರು ಕೂತದ್ದನ್ನು ಹೊರಗಿನಿಂದಲೇ ನೋಡಿ ಖಾತ್ರಿ ಮಾಡಿಕೊಂಡಳು. ಗುಳಿಗೆಯಿಂದ ಸೋನಾಲಿಗೆ ಹೊಟ್ಟೆ ತೊಳಸುತ್ತದೆ, ಬಾಳೆಹಣ್ಣು ಕೊಟ್ಟರೆ ಮಾತ್ರ ನುಂಗುತ್ತದೆ. ಬಸ್ ಸ್ಟ್ಯಾಂಡಿನ ಎದುರು ಬಾಳೆಹಣ್ಣು ಕೊಂಡು ಸೊಲ್ಲಾಪುರದ ಬಸ್ಸು ಹತ್ತಿದಳು.